78 ಪುಸ್ತಕ, 3 ಲೆಡ್ಜರು

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ ನೀನು ಕೇಳಿದೆಯಲ್ಲ, "ಅಮ್ಮ, ಅಷ್ಟೂ ಸ್ಟಾಂಪು ಬೆಂಗಳೂರಿಗೆ ತಂದರೆ ಎಲ್ಲಿ ಏನಿದೆ ಅಂತ ನನಗೆ ಹೇಗೆ ಗೊತ್ತಾಗಬೇಕು?" ಅಂತ. ಆಗ ಏನೋ ಎರಡು ಮಾತು ಹೇಳಿದೆ. ಫೋನಿಟ್ಟ ಮೇಲೆ, ಇದು ನಿಂತ ಕಾಲಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ ಅನಿಸಿತು. ಅದಕ್ಕೆ ಕೂತು ಬರೆಯುತ್ತಿದ್ದೇನೆ. ಯಾವ ಸ್ಟಾಂಪು ಎಲ್ಲಿದೆ ಅಂತ ಬರೆದಿಟ್ಟ ಮೂರು ಲೆಡ್ಜರು ಇವೆ, ಈ ಕಾಗದವನ್ನು ಮೊದಲನೇ ಲೆಡ್ಜರಿನ ಒಳಗೇ ಇಟ್ಟುಕೋ.

ಮೊದಲು ಲೆಕ್ಕ ಕೇಳು. ಸ್ಟಾಂಪು ಸಿಕ್ಕಿಸಿಡುವ ಸ್ಟಾಕ್ ಬುಕ್ಕು 78 ಇವೆ. ಹೋದ ಡಿಸೆಂಬರಿನಲ್ಲಿ ಎಣಿಸಿದಾಗ ಸ್ಟಾಂಪು 1,12,000ಕ್ಕೆ ಸ್ವಲ್ಪ ಮೇಲೆ ಬಂತು. ಇದಲ್ಲದೆ ನಾಲ್ಕು ಬಿಸ್ಕತ್ತಿನ ಡಬ್ಬಿ, ಎರಡು ಶೂ ಪೆಟ್ಟಿಗೆ. 35 ವರ್ಷ ಬ್ಯಾಂಕಿನಲ್ಲಿ ಕೂತವಳು ನಾನು. ಲೆಕ್ಕ ತಾಳೆಯಾಗದೆ ಸಂಜೆ ಮನೆಗೆ ಹೊರಟವಳಲ್ಲ. ಎಲ್ಲಿದೆ ಅಂತ ಗೊತ್ತಿಲ್ಲದ ಸ್ಟಾಂಪು ನಮ್ಮ ಹತ್ತಿರ ಇಲ್ಲದ ಹಾಗೆಯೇ. ಇಷ್ಟು ವರ್ಷ ಕೂಡಿಸಿದ್ದಕ್ಕಿಂತ ಹೆಚ್ಚು ಹೊತ್ತು ನಾನು ಕಳೆದದ್ದು ಜೋಡಿಸುವುದರಲ್ಲಿ. ನನಗೆ ಖುಷಿ ಕೊಟ್ಟದ್ದೂ ಅದೇ.

ಶುರುವಾದದ್ದು ಕುವೈತಿನಿಂದ. 1973ರಲ್ಲಿ ನನಗೆ ಹತ್ತು ವರ್ಷ. ಚಿಕ್ಕಪ್ಪ ಅಲ್ಲಿ ಕೆಲಸಕ್ಕೆ ಹೋಗಿದ್ದರು. ತಿಂಗಳಿಗೊಂದು ಕಾಗದ ಬರುತ್ತಿತ್ತು. ಅಜ್ಜಿ ಕಾಗದ ಓದಿಸಿಕೊಂಡು ಕಣ್ಣೊರೆಸಿಕೊಂಡರೆ, ನಾನು ಕವರು ಹಿಡಿದುಕೊಂಡು ಒಳಗೆ ಓಡುತ್ತಿದ್ದೆ. ಮಂಗಳೂರಿನ ನಮ್ಮ ಓಣಿಯಲ್ಲಿ ಗಲ್ಫಿಗೆ ಹೋದವರು ಇಲ್ಲದ ಮನೆಯೇ ಕಡಿಮೆ. ಬಹರೈನು, ದೋಹಾ, ಮಸ್ಕತ್ತು, ದುಬೈ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಮನೆ ಮನೆಗೆ ಹೋಗಿ "ಬಾಯಮ್ಮ, ಕವರು ಉಂಟಾ?" ಅಂತ ಕೇಳುತ್ತಿದ್ದೆ. ಆಮೇಲೆ ಹಂಗೆರಿ, ಪೋಲೆಂಡಿನ ಪೆನ್ ಫ್ರೆಂಡುಗಳು ಸಿಕ್ಕರು. ಹೀಗೆ ಒಂದೊಂದೇ ದೇಶ ಸೇರಿತು. ಇಡೀ ಪ್ರಪಂಚದ್ದು ಸೇರಿಸಬೇಕು ಅಂತ ಯಾವತ್ತೂ ನಿರ್ಧಾರ ಮಾಡಿ ಕೂತದ್ದಲ್ಲ. ಯಾವುದನ್ನೂ ಬೇಡ ಅನ್ನಲು ಮನಸ್ಸು ಬರಲಿಲ್ಲ, ಅಷ್ಟೇ.

41ನೇ ಪುಸ್ತಕ ತೆಗೆದು ಕುವೈತಿನ ಮೊದಲ ಪುಟ ನೋಡು. ನಿನಗೆ ಗಾಬರಿಯಾಗುತ್ತದೆ, ಅಮ್ಮ ತಪ್ಪಿ ಇಂಡಿಯಾದ ಸ್ಟಾಂಪು ಇಲ್ಲಿ ಹಾಕಿದ್ದಾಳೆ ಅಂತ. ಐದನೇ ಜಾರ್ಜ್ ದೊರೆಯ ಮುಖ, ಇಂಡಿಯಾ ಪೋಸ್ಟೇಜ್ ಅನ್ನುವ ಅಕ್ಷರ, ಬೆಲೆ ಆಣೆಯಲ್ಲಿ. ಆದರೆ ಭೂತಗನ್ನಡಿ ಹಿಡಿದರೆ ಅದರ ಮೇಲೆ ಕಪ್ಪು ಶಾಯಿಯಲ್ಲಿ ಕುವೈತ್ ಅಂತ ಅಚ್ಚು ಹಾಕಿದ್ದು ಕಾಣುತ್ತದೆ. 1923ರಿಂದ ಅಲ್ಲಿ ನಡೆದದ್ದು ಹೀಗೆ ಹೆಸರು ಒತ್ತಿದ ನಮ್ಮದೇ ಸ್ಟಾಂಪು. ಬಹರೈನಿಗೂ 1933ರಿಂದ ಹಾಗೆಯೇ. ಪುಟ ತಿರುಗಿಸಿದರೆ 1948. ನಾವು ಸ್ವತಂತ್ರರಾಗಿದ್ದೆವು, ಈಗ ಮುಖ ಬ್ರಿಟನ್ನಿನ ಸ್ಟಾಂಪಿನದು. ಆದರೆ ಅದರ ಮೇಲೆ ಒತ್ತಿದ ಬೆಲೆ ಇನ್ನೂ ಆಣೆ, ರೂಪಾಯಿ! ಆ ಕಡೆ ನಡೆಯುತ್ತಿದ್ದದ್ದು ನಮ್ಮ ರೂಪಾಯಿ. 1957ರಲ್ಲಿ ನಮಗೆ ನಯಾ ಪೈಸೆ ಬಂದಾಗ ಆ ಸ್ಟಾಂಪುಗಳ ಮೇಲೂ ನಯಾ ಪೈಸೆ ಬಂತು. ಕುವೈತು ದಿನಾರಿಗೆ ಹೋದದ್ದು 1961ರಲ್ಲಿ. ಅದಾದ ಮೇಲೆ ಚಿಕ್ಕಪ್ಪನ ಕವರಿನವು ಬರುತ್ತವೆ. ಆ ನಾಲ್ಕು ಪುಟ ಓದಲು ಬಂದರೆ ನಮ್ಮೂರಿನವರು ಯಾಕೆ ಅಲ್ಲಿಗೆ ಹೋದರು, ಎಷ್ಟು ಹಳೆಯ ದಾರಿ ಅದು ಅಂತ ಗೊತ್ತಾಗುತ್ತದೆ. ಅದನ್ನು ಜೋಡಿಸಲು ನನಗೆ ಹನ್ನೊಂದು ವರ್ಷ ಹಿಡಿಯಿತು.

ದೇಶಗಳೆಲ್ಲ ಇಂಗ್ಲಿಷ್ ಅಕ್ಷರದ ಕ್ರಮದಲ್ಲಿವೆ, ಸ್ಟಾಂಪುಗಳಿಗೆಲ್ಲ ನಂಬರು ಕೊಟ್ಟಿರುವ ಬ್ರಿಟನ್ನಿನ ಸ್ಟಾನ್ಲಿ ಗಿಬ್ಬನ್ಸ್ ಕ್ಯಾಟಲಾಗಿನ ಹಾಗೆ. ಹೆಸರು ಬದಲಾದ ದೇಶಗಳಿಗೆ ನಾನೇ ಒಂದು ನಿಯಮ ಮಾಡಿಕೊಂಡೆ: ನೆಲ ಒಂದೇ ಆದರೆ ಜಾಗವೂ ಒಂದೇ. ಹಾಗಾಗಿ ಸಿಲೋನು ಶ್ರೀಲಂಕಾದ ಜೊತೆ, ಗೋಲ್ಡ್ ಕೋಸ್ಟು ಘಾನಾದ ಜೊತೆ, ಅಪ್ಪರ್ ವೋಲ್ಟಾ ಬುರ್ಕಿನಾ ಫಾಸೋ ಜೊತೆ. ಬಾಂಗ್ಲಾದೇಶದ ಪುಟಕ್ಕೆ ಮಾತ್ರ ನಾನು ಬಹಳ ಯೋಚಿಸಿದೆ. 1971ರ ಜುಲೈ 29ರಂದು, ದೇಶ ಇನ್ನೂ ಕೈಗೆ ಬರುವ ಮೊದಲೇ, ಅವರು ಎಂಟು ಸ್ಟಾಂಪು ಹೊರಡಿಸಿದರು. ಇಂಗ್ಲೆಂಡಿನಲ್ಲಿ ಅಚ್ಚಾದವು. ಡಿಸೆಂಬರಿನಲ್ಲಿ ಯುದ್ಧ ಮುಗಿದ ಮೇಲೆ ಅಲ್ಲಲ್ಲಿನ ಅಂಚೆ ಕಚೇರಿಗಳಲ್ಲಿ ಉಳಿದಿದ್ದ ಪಾಕಿಸ್ತಾನದ ಸ್ಟಾಂಪಿನ ಮೇಲೆ ರಬ್ಬರ್ ಮುದ್ರೆಯಲ್ಲಿ ಬಾಂಗ್ಲಾದೇಶ ಅಂತ ಒತ್ತಿ ಬಳಸಿದರು. ನನ್ನ ಹತ್ತಿರ ಅಂಥದ್ದು ಆರು ಇವೆ. ಮುದ್ರೆ ಓರೆಕೋರೆ, ಒಂದರಲ್ಲಿ ಶಾಯಿ ಹರಡಿದೆ. ಅವನ್ನು ಪಾಕಿಸ್ತಾನದ ಕೊನೆಗೆ ಹಾಕದೆ ಬಾಂಗ್ಲಾದೇಶದ ಮೊದಲಿಗೆ ಹಾಕಿದ್ದೇನೆ. ನೀನು ಬದಲಾಯಿಸಬೇಡ.

ಹೆಸರು ಗೊತ್ತಾಗದ ಸ್ಟಾಂಪು ಸಿಕ್ಕರೆ ಹೆದರಬೇಡ. ಮೊದಲನೇ ಲೆಡ್ಜರಿನ ರಟ್ಟಿನ ಒಳಬದಿ ಒಂದು ಪಟ್ಟಿ ಅಂಟಿಸಿದ್ದೇನೆ. ಮಾಗ್ಯಾರ್ ಅಂದರೆ ಹಂಗೆರಿ, ಹೆಲ್ವೆಟಿಯಾ ಅಂದರೆ ಸ್ವಿಟ್ಜರ್ಲೆಂಡು, ಸುವೊಮಿ ಅಂದರೆ ಫಿನ್‌ಲೆಂಡು. ರಾಜ ರಾಣಿಯ ತಲೆ ಇದ್ದು ದೇಶದ ಹೆಸರೇ ಇಲ್ಲದಿದ್ದರೆ ಅದು ಬ್ರಿಟನ್ನು. 1840ರಲ್ಲಿ ಎಲ್ಲರಿಗಿಂತ ಮೊದಲು ಶುರು ಮಾಡಿದವರು, ಆಗ ಹೆಸರು ಹಾಕುವ ಅಗತ್ಯ ಇರಲಿಲ್ಲ, ಇವತ್ತಿಗೂ ಹಾಕುವುದಿಲ್ಲ.

ಈಗ ಲೆಡ್ಜರು. ಒಂದು ಸಾಲು ಒಂದು ಸ್ಟಾಂಪಿಗೆ. ದೇಶ, ಗಿಬ್ಬನ್ಸ್ ನಂಬರು, ಹೊಸದೋ ಬಳಸಿದ್ದೋ, ಸ್ಥಿತಿ, ಪುಸ್ತಕದ ನಂಬರು, ಪುಟ. ಮಾಮೂಲಿ ಸ್ಟಾಂಪುಗಳನ್ನು ಪುಟಕ್ಕೊಂದು ಸಾಲಿನಲ್ಲಿ ಮುಗಿಸಿದ್ದೇನೆ, ಇಲ್ಲದಿದ್ದರೆ ಬರೆದೇ ಆಯುಷ್ಯ ಹೋಗುತ್ತಿತ್ತು. 2011ರ ಮೇಲಿನದ್ದೆಲ್ಲ ಕಂಪ್ಯೂಟರಿನಲ್ಲಿದೆ, ಪೆನ್‌ಡ್ರೈವ್ ಮೂರನೇ ಲೆಡ್ಜರಿನ ಜೊತೆ ಇಟ್ಟಿದ್ದೇನೆ. ಒಂದು ವಿಷಯ ನೆನಪಿಡು. ಅಮೆರಿಕದ ಸ್ಕಾಟ್, ಜರ್ಮನಿಯ ಮಿಷೆಲ್, ಫ್ರಾನ್ಸಿನ ಇವೇರ್, ಪ್ರತಿಯೊಂದು ಕ್ಯಾಟಲಾಗಿಗೂ ಅದರದ್ದೇ ನಂಬರು. ಒಂದೇ ಸ್ಟಾಂಪಿಗೆ ನಾಲ್ಕು ಕಡೆ ನಾಲ್ಕು ನಂಬರು. ಬೆರೆಸಿದರೆ ಮತ್ತೆ ಬಿಡಿಸಲು ಆಗುವುದಿಲ್ಲ. ಹಳೆಯ ಕ್ಯಾಟಲಾಗಾದರೂ ಪರವಾಗಿಲ್ಲ, ಒಂದನ್ನೇ ಹಿಡಿದುಕೋ.

ಡಬ್ಬಿಯಲ್ಲಿರುವುದನ್ನು ನೀನೇ ಬಿಡಿಸಬೇಕಾಗುತ್ತದೆ. ಚಿಕ್ಕವಳಿದ್ದಾಗ ನನ್ನ ಪಕ್ಕ ಕೂರುತ್ತಿದ್ದೆಯಲ್ಲ, ನೆನಪಿದೆಯಾ? ಅಗಲದ ಸ್ಟೀಲು ಬೋಗುಣಿ, ಉಗುರು ಬೆಚ್ಚಗಿನ ನೀರು. ಕವರಿನಿಂದ ಕತ್ತರಿಸಿದ ತುಂಡುಗಳನ್ನು ಮುಖ ಮೇಲೆ ಮಾಡಿ ತೇಲಿಸು. ಒಂದು ಸಲಕ್ಕೆ ಮೂವತ್ತಕ್ಕಿಂತ ಜಾಸ್ತಿ ಬೇಡ. ಹದಿನೈದು ಇಪ್ಪತ್ತು ನಿಮಿಷ ಸುಮ್ನೆ ಬಿಡು. ಎಳೆಯಬಾರದು. ಕಾಗದ ತಾನಾಗಿ ಜಾರಿ ಕೆಳಗಿಳಿಯುತ್ತದೆ, ಸ್ಟಾಂಪು ಮೇಲೆ ಉಳಿಯುತ್ತದೆ. ಬೆರಳಿನಿಂದ ಹಿಂಬದಿ ಮುಟ್ಟಿ ನೋಡಿದರೆ ಅಂಟು ಇನ್ನೂ ಜಾರುತ್ತಿದ್ದರೆ ಎರಡನೇ ನೀರಿಗೆ ಹಾಕು. ಆಮೇಲೆ ಬಿಳಿ ಬ್ಲಾಟಿಂಗ್ ಪೇಪರಿನ ಮೇಲೆ ಬೋರಲು ಮಲಗಿಸು. ನ್ಯೂಸ್ ಪೇಪರು ಬೇಡ, ಅದರ ಶಾಯಿ ಹಿಡಿಯುತ್ತದೆ. ಕೆಂಪು, ಹಸಿರು ಕವರಿನ ತುಂಡು ಇದ್ದರೆ ಅದಕ್ಕೆ ಬೇರೆ ಲೋಟ, ಯಾಕೆಂದರೆ ಬಣ್ಣ ಬಿಟ್ಟು ಉಳಿದದ್ದನ್ನೂ ಕೆಡಿಸುತ್ತದೆ. ಹಳೆಯ ಬ್ರಿಟಿಷ್ ವಸಾಹತುಗಳ ನೇರಳೆ, ಹಸಿರು ಸ್ಟಾಂಪುಗಳನ್ನು ನೀರಿಗೆ ಹಾಕಲೇಬೇಡ, ಆ ಬಣ್ಣ ನೀರಿನಲ್ಲಿ ಕರಗುತ್ತದೆ. ಈಚಿನ ಸ್ಟಿಕ್ಕರ್ ತರದವು, ಅದರಲ್ಲೂ ಅಮೆರಿಕದವು, ಎಷ್ಟು ನೆನೆಸಿದರೂ ಬಿಡುವುದಿಲ್ಲ. ಸುತ್ತ ಸ್ವಲ್ಪ ಅಂಚು ಬಿಟ್ಟು ಕಾಗದದ ಸಮೇತ ಕತ್ತರಿಸಿ ಇಡು.

ಒಣಗಿದ ಮೇಲೆ ಚಿಮುಟದಿಂದಲೇ ಎತ್ತು. ಕೈಯ ಬೆವರು ಇವತ್ತು ಕಾಣುವುದಿಲ್ಲ, ಹತ್ತು ವರ್ಷ ಕಳೆದ ಮೇಲೆ ಕಂದು ಬೆರಳಚ್ಚಾಗಿ ಕಾಣುತ್ತದೆ.

ಕಂದು ಕಲೆಯ ಮಾತು ಬಂದಾಗ ಪೋಲೆಂಡಿನ ವಿಷಯ ಹೇಳದೆ ಇರಲಾರೆ. ನೀನು ಹುಟ್ಟಿದ ವರ್ಷ. ಆಸ್ಪತ್ರೆ, ಬಾಣಂತನ, ಐದು ತಿಂಗಳು ನಾನು ಬೀರು ತೆರೆಯಲಿಲ್ಲ. ಬೀರು ಪಡುವಣ ಗೋಡೆಗೆ ಒರಗಿತ್ತು. ಮಂಗಳೂರಿನ ಮಳೆ ಆ ಗೋಡೆಗೇ ಹೊಡೆಯುವುದು. ಪುಸ್ತಕಗಳನ್ನು ಒಂದರ ಮೇಲೊಂದು ಅಡ್ಡ ಇಟ್ಟಿದ್ದೆ. ಅಕ್ಟೋಬರಿನಲ್ಲಿ ತೆರೆದಾಗ ಕೆಳಗಿನ ಎರಡು ಪುಸ್ತಕದಿಂದ ಹಳೆ ಗೋಡೌನಿನ ವಾಸನೆ. ಪೋಲೆಂಡಿನ ಹೊಸ ಸ್ಟಾಂಪುಗಳ ಅಂಟು ತೇವಕ್ಕೆ ಕರಗಿ, ಮೇಲಿನ ಭಾರಕ್ಕೆ ಒತ್ತಿ, ಪುಟಕ್ಕೇ ಅಂಟಿಕೊಂಡಿತ್ತು. ಪೆನ್ ಫ್ರೆಂಡು ಕಳಿಸಿದ್ದ ಹೂವಿನ ಸೆಟ್ಟು, ಕುದುರೆಯ ಸೆಟ್ಟು. ಬಿಡಿಸಲು ಹೋದರೆ ಹೂವಿನ ಅರ್ಧ ಕೈಗೆ ಬಂತು. ಉಳಿದವುಗಳ ಅಂಚಿನ ಹಲ್ಲುಗಳ ತುದಿಯಲ್ಲೆಲ್ಲ ಬೂಸ್ಟಿನ ಕಂದು ಚುಕ್ಕೆ. 900ಕ್ಕೂ ಜಾಸ್ತಿ ಹೋದವು. ನಿನ್ನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಅತ್ತಿದ್ದೇನೆ. ನಿನ್ನ ಅಪ್ಪ ಏನೂ ಮಾತಾಡಲಿಲ್ಲ, ಮರುದಿನ ಆಚಾರಿಯನ್ನು ಕರೆದುಕೊಂಡು ಬಂದು ಒಳಕೋಣೆಯ ಮೂಡು ಗೋಡೆಗೆ ಕಪಾಟು ಮಾಡಿಸಿದರು. ಈಗಲೂ ಇರುವುದು ಅದೇ.

ಅವತ್ತಿನಿಂದ ಪುಸ್ತಕಗಳು ನಿಂತೇ ಇರುತ್ತವೆ, ಬಿಗಿಯಾಗಿಯೂ ಇಲ್ಲ. ಹೊರಗಿನ ಗೋಡೆಗೆ ಇಡುವುದಿಲ್ಲ. ಮಳೆ ಸುರಿಯುವ ದಿನ ತೆರೆಯುವುದಿಲ್ಲ. ಬಿಸಿಲು ಬಿದ್ದ ದಿನ ಫ್ಯಾನಿನ ಕೆಳಗೆ ಪುಟಗಳನ್ನು ಬೀಸಣಿಗೆಯ ಹಾಗೆ ಬಿಡಿಸಿ ಗಾಳಿ ಕೊಡುತ್ತೇನೆ. ಬೆಂಗಳೂರಿನಲ್ಲಿ ಇಷ್ಟು ಕಷ್ಟ ಇಲ್ಲ. ಆದರೂ ಬಚ್ಚಲ ಪಕ್ಕದ ಗೋಡೆ ಬೇಡ. ಮೆತ್ತಗಿನ ಪ್ಲಾಸ್ಟಿಕ್ ಹಾಳೆಯ ಆಲ್ಬಂ ಚೆಂದ ಕಾಣುತ್ತದೆ ಅಂತ ಕೊಳ್ಳಬೇಡ. ಆ ಹಾಳೆಯ ಪಿವಿಸಿ ಸ್ಟಾಂಪಿನ ಬಣ್ಣವನ್ನು ಎಳೆದುಕೊಳ್ಳುತ್ತದೆ.

ಶೂ ಪೆಟ್ಟಿಗೆಯಲ್ಲಿರುವುದು ಅಜ್ಮಾನು, ಫುಜೈರಾ, ಉಮ್ಮಲ್ ಕ್ವೈನ್. 1970ರ ಆಸುಪಾಸಿನಲ್ಲಿ ಗಲ್ಫಿನ ಈ ಪುಟ್ಟ ಊರುಗಳ ಹೆಸರಿನಲ್ಲಿ ಸಾವಿರಗಟ್ಟಲೆ ಬಣ್ಣದ ಸ್ಟಾಂಪು ಅಚ್ಚಾದವು. ಚಂದ್ರನ ಮೇಲೆ ಇಳಿದವರು, ಬೆಕ್ಕು, ಚಿತ್ರಕಾರರ ಚಿತ್ರ. ಬಹುಪಾಲು ನಮ್ಮಂಥ ಸಂಗ್ರಹಕಾರರಿಗೆ ಮಾರಲೆಂದೇ ಮಾಡಿದ್ದು. ಹಿಂದೆ ತಿರುಗಿಸಿ ನೋಡು: ಮುಂದೆ ಅಂಚೆ ಮುದ್ರೆ ಬಿದ್ದಿದೆ, ಹಿಂದೆ ಅಂಟು ಹಾಗೇ ಇದೆ. ಯಾವ ಕಾಗದವನ್ನೂ ಹೊತ್ತು ಹೋಗಿಲ್ಲ. ಶಾಲೆಯ ಮಕ್ಕಳಿಗೆ ಕೊಡು, ಅವರಿಗೆ ತುಂಬ ಇಷ್ಟ ಆಗುತ್ತದೆ.

ಬೆಲೆಯ ಬಗ್ಗೆಯೂ ಹೇಳಬೇಕು, ನೀನು ಸಂಕೋಚದಿಂದ ಕೇಳಲಿಲ್ಲ. ಕ್ಯಾಟಲಾಗಿನಲ್ಲಿ ಬರೆದ ಬೆಲೆ ಕೈಗೆ ಬರುವ ಬೆಲೆ ಅಲ್ಲ, ಅದರ ಒಂದು ಸಣ್ಣ ಪಾಲು ಬಂದರೆ ದೊಡ್ಡದು. ಈ ಲಕ್ಷ ಸ್ಟಾಂಪಿನಲ್ಲಿ ಮುಕ್ಕಾಲು ಪಾಲು ತೂಕಕ್ಕೆ ಮಾರುವಂಥವು. 1923ರಲ್ಲಿ ಜರ್ಮನಿಯಲ್ಲಿ ಹಣ ನೀರಾದಾಗ 5,000 ಕೋಟಿ ಮಾರ್ಕಿನ ಸ್ಟಾಂಪು ಬಂತು. ನಮ್ಮಲ್ಲಿದೆ, ಹೊಸದು, ಒಂದು ಕಾಫಿಯ ದುಡ್ಡಿಗೆ ಸಿಕ್ಕಿತು. ಅದೇ ಸ್ಟಾಂಪು ಆ ದಿನಗಳಲ್ಲಿ ನಿಜವಾಗಿ ಕವರಿನ ಮೇಲೆ ಹೋಗಿದ್ದರೆ ಬೆಲೆ ಜಾಸ್ತಿ, ಅದಕ್ಕೇ ಸುಳ್ಳು ಮುದ್ರೆಗಳೂ ಜಾಸ್ತಿ. ಲೆಡ್ಜರಿನಲ್ಲಿ ಕೆಂಪು ಗೆರೆ ಎಳೆದ 340 ಸಾಲು ಇವೆ. ಮಾರುವುದಿದ್ದರೂ, ಕೊಡುವುದಿದ್ದರೂ ಅವನ್ನು ಮೊದಲು ತಿಳಿದವರಿಗೆ ತೋರಿಸು.

ಫೆರಾರಿ ಅಂತ ಒಬ್ಬರಿದ್ದರು, ಪ್ಯಾರಿಸ್ಸಿನಲ್ಲಿ. ಪ್ರಪಂಚದ ಸ್ಟಾಂಪುಗಳನ್ನು ಅವರಷ್ಟು ಕೂಡಿಸಿದವರು ಇಲ್ಲ ಅನ್ನುತ್ತಾರೆ. ಬ್ರಿಟಿಷ್ ಗಯಾನಾದ ಒಂದು ಸೆಂಟಿನ, ಪ್ರಪಂಚದಲ್ಲೇ ಒಂದೇ ಒಂದು ಉಳಿದಿರುವ ಸ್ಟಾಂಪೂ ಅವರ ಹತ್ತಿರ ಇತ್ತು. ಎಲ್ಲವನ್ನೂ ಬರ್ಲಿನ್ನಿನ ಅಂಚೆ ಮ್ಯೂಸಿಯಮ್ಮಿಗೆ ಬರೆದಿಟ್ಟು 1917ರಲ್ಲಿ ತೀರಿಕೊಂಡರು. ಯುದ್ಧದ ಕಾಲ, ಫ್ರಾನ್ಸ್ ಸರ್ಕಾರ ವಶಪಡಿಸಿಕೊಂಡು 1921ರಿಂದ 14 ಹರಾಜಿನಲ್ಲಿ ಮಾರಿತು. ಇನ್ನೊಬ್ಬರು ಟ್ಯಾಪ್ಲಿಂಗ್. ಅವರು 1891ರಲ್ಲಿ ಬಿಟ್ಟುಹೋದದ್ದು ಬ್ರಿಟಿಷ್ ಲೈಬ್ರರಿಯಲ್ಲಿ ಇಂದಿಗೂ ಒಡೆಯದೆ ಇದೆ. ನಾನು ಮೊದಲೆಲ್ಲ ಟ್ಯಾಪ್ಲಿಂಗ್ ಪುಣ್ಯವಂತ ಅಂದುಕೊಳ್ಳುತ್ತಿದ್ದೆ. ಈಗ ಹಾಗನಿಸುವುದಿಲ್ಲ. ಫೆರಾರಿಯ ಸ್ಟಾಂಪುಗಳು ನೂರಾರು ಮನೆಗಳಿಗೆ ಹೋದವು, ಅಲ್ಲಿ ಮತ್ತೆ ಯಾರೋ ಚಿಮುಟ ಹಿಡಿದು ಕೂತರು. ನಮ್ಮದನ್ನು ಒಡೆಯುವುದಾದರೆ ಒಡೆ. ಆದರೆ ದೇಶವನ್ನು ದೇಶವಾಗಿಯೇ ಕೊಡು, ಅದರ ಲೆಡ್ಜರಿನ ಪುಟದ ಪ್ರತಿಯ ಸಮೇತ.

77ನೇ ಪುಸ್ತಕ ಮಾತ್ರ ಬೇರೆ. ಅದು ನಮ್ಮ ಕಡೆಯದ್ದು. 1949ರ ಆರು ಆಣೆಯ ಗೋಳಗುಮ್ಮಟ. 1960ರ ವಿಶ್ವೇಶ್ವರಯ್ಯ, ಆಗ ಅವರು ಬದುಕಿದ್ದರು. ಪುರಂದರದಾಸರು, ಬಸವಣ್ಣ. ಮೈಸೂರು ಸಂಸ್ಥಾನದ ಸ್ಟಾಂಪು ಅಂತ ಹುಡುಕಬೇಡ. ಹೈದರಾಬಾದು, ತಿರುವಾಂಕೂರು, ಕೊಚ್ಚಿಗೆ ತಮ್ಮದೇ ಸ್ಟಾಂಪು ಇದ್ದವು. ಮೈಸೂರಿನ ಅಂಚೆ ಅಷ್ಟು ಹಳೆಯದಾದರೂ 1889ರಲ್ಲೇ ಬ್ರಿಟಿಷ್ ಇಂಡಿಯಾದ ಅಂಚೆಯ ಜೊತೆ ಸೇರಿಹೋಯಿತು. ಕೊನೆಯ ಪುಟದಲ್ಲಿ ಬಟರ್ ಪೇಪರ್ ಕವರಿನಲ್ಲಿ 2006ರ ಗಂಧದ ಪರಿಮಳದ ಸ್ಟಾಂಪು ಇದೆ, 15 ರೂಪಾಯಿಯದು. ಎರಡು ತಂದಿದ್ದೆ. ಒಂದನ್ನು ನೀನು ಉಜ್ಜಿ ಉಜ್ಜಿ ಮೂಸಿ ಒಂದು ಮೂಲೆ ಸವೆಸಿದ್ದೆ. ನಾನು ಇಟ್ಟಿರುವುದು ಆ ಸವೆದದ್ದನ್ನೇ. ಚೆನ್ನಾಗಿದ್ದದ್ದನ್ನು ಹಂಗೆರಿಯ ಗೆಳತಿಗೆ ಕಳಿಸಿದೆ.

ಟೆಂಪೋವನ್ನು ಜನವರಿಗೆ ಹೇಳು, ಅದಕ್ಕಿಂತ ಮೊದಲು ಬೇಡ. ಘಾಟಿಯಲ್ಲಿ ಮಂಜು ಇಳಿಯುವ ಹೊತ್ತು ತಪ್ಪಿಸಿ, ಹಗಲು ಹೊರಡಲಿ. ಬರುವಾಗ ಸಿಲಿಕಾ ಜೆಲ್ ಪೊಟ್ಟಣ ಒಂದು ಐವತ್ತು, ಬಿಳಿ ಬ್ಲಾಟಿಂಗ್ ಪೇಪರು ಎರಡು ಕಟ್ಟು ತಾ. ಇಲ್ಲಿ ಈಗ ಅದು ಸಿಗುವುದೇ ಇಲ್ಲ.

ನಿನ್ನ
ಅಮ್ಮ