'ಯಾರಿಗೂ ಚಿಂತೆ ಇಲ್ಲ' ಎಂದು ಬರೆಯಬೇಡಿ

ಸಂಪಾದಕರೇ,

ಪರಿಸರದ ಲೇಖನಗಳಲ್ಲಿ ಒಂದು ಮಾತು ಪದೇ ಪದೇ ಕಣ್ಣಿಗೆ ಬೀಳುತ್ತದೆ. ಜನರಿಗೆ ಚಿಂತೆಯೇ ಇಲ್ಲ, ಎಲ್ಲರೂ ಕಸ ಬಿಸಾಡುತ್ತಾರೆ, ಎಲ್ಲರೂ ನೀರು ಪೋಲು ಮಾಡುತ್ತಾರೆ ಅಂತ. ಬರೆದವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಈ ಮಾತು ಓದಿ ಯಾರೂ ಎದ್ದು ಬರುವುದಿಲ್ಲ, ಏಳಬೇಕು ಅಂದುಕೊಂಡವರೂ ಕೂತುಬಿಡುತ್ತಾರೆ.

ಇದನ್ನು ಸುಮ್ನೆ ಹೇಳುತ್ತಿಲ್ಲ. ಅಮೆರಿಕದ ಅರಿಜೋನಾದಲ್ಲಿ ಪೆಟ್ರಿಫೈಡ್ ಫಾರೆಸ್ಟ್ ಎಂಬ ರಾಷ್ಟ್ರೀಯ ಉದ್ಯಾನವಿದೆ. ಕೋಟ್ಯಂತರ ವರ್ಷಗಳ ಹಿಂದೆ ಕಲ್ಲಾಗಿ ಹೋದ ಮರದ ತುಂಡುಗಳು ಅಲ್ಲಿ ನೆಲದ ಮೇಲೇ ಬಿದ್ದಿರುತ್ತವೆ, ಬಂದವರಲ್ಲಿ ಕೆಲವರು ಒಂದೆರಡನ್ನು ಜೇಬಿಗೆ ಹಾಕಿಕೊಂಡು ಹೋಗುತ್ತಾರೆ. ಮನಶ್ಶಾಸ್ತ್ರಜ್ಞ ರಾಬರ್ಟ್ ಚಾಲ್ಡೀನಿ ಮತ್ತು ಜೊತೆಗಾರರು ಅಲ್ಲಿ ಬೇರೆ ಬೇರೆ ಬೋರ್ಡ್ ಹಾಕಿ ನೋಡಿದರು. 'ದಯವಿಟ್ಟು ತೆಗೆದುಕೊಂಡು ಹೋಗಬೇಡಿ' ಎಂದು ನೇರವಾಗಿ ಕೇಳಿಕೊಂಡಾಗ, ಗುರುತು ಮಾಡಿಟ್ಟ ತುಂಡುಗಳಲ್ಲಿ ಕಳುವಾಗಿದ್ದು ಶೇ 2ಕ್ಕಿಂತ ಕಡಿಮೆ. 'ಇಲ್ಲಿಗೆ ಬಂದ ಎಷ್ಟೋ ಜನ ತೆಗೆದುಕೊಂಡು ಹೋಗಿದ್ದಾರೆ' ಎಂದು ಬರೆದಾಗ ಹತ್ತಿರ ಹತ್ತಿರ ಶೇ 8! ಕಳ್ಳತನ ನಿಲ್ಲಿಸಲು ಹಾಕಿದ ಬೋರ್ಡೇ ಕಳ್ಳತನ ಮಾಮೂಲಿ ಎಂದು ಹೇಳಿಕೊಟ್ಟಿತು.

ಇನ್ನೊಂದು ಲೆಕ್ಕ ನನ್ನನ್ನು ಇದಕ್ಕಿಂತ ಜಾಸ್ತಿ ಕಾಡುತ್ತದೆ. 125 ದೇಶಗಳ ಸುಮಾರು 1.30 ಲಕ್ಷ ಜನರ ಸಮೀಕ್ಷೆಯೊಂದು 2024ರಲ್ಲಿ ಪ್ರಕಟವಾಯಿತು. ಹವಾಮಾನ ಬದಲಾವಣೆ ತಡೆಯಲು ಪ್ರತಿ ತಿಂಗಳು ಮನೆಯ ಆದಾಯದಲ್ಲಿ ಶೇ 1ರಷ್ಟು ಕೊಡುತ್ತೀರಾ ಎಂದು ಕೇಳಿದ್ದಕ್ಕೆ ಶೇ 69ರಷ್ಟು ಜನ ಹೂಂ ಎಂದರು. ನಿಮ್ಮ ದೇಶದ ಬೇರೆಯವರಲ್ಲಿ ಎಷ್ಟು ಜನ ಕೊಟ್ಟಾರು ಎಂದು ಕೇಳಿದರೆ ಅವರ ಅಂದಾಜು ಬರೀ ಶೇ 43. ಅಂದರೆ ಮನಸ್ಸಿದ್ದವರೇ ಹೆಚ್ಚು ಜನ, ಆದರೆ ತಾವು ಒಂಟಿ ಎಂದುಕೊಂಡು ಒಬ್ಬರ ಮುಖ ಒಬ್ಬರು ನೋಡುತ್ತಾ ಸುಮ್ಮನಿದ್ದಾರೆ. ಇದನ್ನು ಸೋಮಾರಿತನ ಅನ್ನಲು ನನಗೆ ಮನಸ್ಸಾಗುವುದಿಲ್ಲ. ತಾನೊಬ್ಬನೇ ಕೈಹಾಕಿ, ಉಳಿದವರು ದೂರದಲ್ಲಿ ನಿಂತು ನೋಡಿದರೆ ಏನು ಗತಿ ಎಂಬ ಭಯ ಯಾರಿಗಿಲ್ಲ?

ಹಾಳಾಗುತ್ತಿರುವುದನ್ನು ಮುಚ್ಚಿಡಿ ಎಂದು ನಾನು ಕೇಳುತ್ತಿಲ್ಲ. ಕೊಳಚೆ ಬಿಟ್ಟವರು ಯಾರು, ಎಷ್ಟು ಬಿಟ್ಟರು, ತಡೆಯಬೇಕಾದವರು ಏನು ಮಾಡುತ್ತಿದ್ದರು, ಎಲ್ಲವನ್ನೂ ಖಂಡಿತ ಬರೆಯಿರಿ. ಅದರ ಪಕ್ಕದಲ್ಲೇ, ಒಂದು ಕೆರೆಯನ್ನೋ ಹೊಳೆಯನ್ನೋ ಉಳಿಸಲು ಮೊದಲ ದಿನ ಎಷ್ಟು ಜನ ಸೇರಿದರು, ಆಮೇಲೆ ಎಷ್ಟಾದರು, ಹೊಸಬರು ಬರುವುದಾದರೆ ಯಾವ ದಿನ ಎಲ್ಲಿಗೆ ಬರಬೇಕು ಎಂಬುದಕ್ಕೂ ನಾಲ್ಕು ಸಾಲು ಜಾಗ ಕೊಡಿ.

– ನಿಮ್ಮ ಓದುಗ