ವರ್ಷತೊಡಕು ಕಳೀತು, ಎಲ್ಲರಿಗೂ ಥ್ಯಾಂಕ್ಸ್

ಈ ಸಲದ ವರ್ಷತೊಡಕನ್ನು ಎಣ್ಣೆ ಮುಟ್ಟದೆ ದಾಟಿದೆ. ಮಂಡ್ಯ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಯುಗಾದಿ ಮಾರನೇ ದಿನ ಬೆಳಗ್ಗೆಯೇ ಗುಡ್ಡೆ ಬಾಡು, ಆಮೇಲೆ ಇಸ್ಪೀಟು, ಪಕ್ಕದಲ್ಲೇ ಬಾಟ್ಲಿ. ನಮ್ಮ ಚಿಕ್ಕಪ್ಪನ ಮಕ್ಕಳು ಒಬ್ಬರೂ "ಒಂದ್ ಪೆಗ್ಗಿಗೆ ಏನಾಗಲ್ಲ ತಗೊಳ್ಳೋ" ಅನ್ನಲಿಲ್ಲ. ನಿಂಬೆ ಸೋಡಾ ತಂದಿಟ್ಟು ಆಟಕ್ಕೆ ಕೂರಿಸಿಕೊಂಡರು, ದುಡ್ಡು ಮಾತ್ರ ಬಿಡದೆ ಕಿತ್ತುಕೊಂಡರು! ಅವರಿಗೆ ಮೊದಲ ಥ್ಯಾಂಕ್ಸ್.

ನಿಮ್ಹಾನ್ಸ್ ವ್ಯಸನ ಚಿಕಿತ್ಸಾ ವಿಭಾಗದವರಿಗೆ ಎಷ್ಟು ಹೇಳಿದರೂ ಸಾಲದು. "ನಾಳೆಯಿಂದ ಪೂರ್ತಿ ಬಂದ್" ಅಂದಾಗ ತಡೆದವರು ಅವರೇ. ಬೆಳಗ್ಗೆ ಎದ್ದ ಕೂಡಲೇ ಕೈ ನಡುಗುವಷ್ಟು ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ಒಂದೆರಡು ದಿನದಲ್ಲೇ ಫಿಟ್ಸ್ ಬರಬಹುದು, ಆಮೇಲೆ ಇಲ್ಲದ್ದೆಲ್ಲ ಕಣ್ಣಿಗೆ ಕಾಣಬಹುದು, ಜೀವಕ್ಕೂ ಅಪಾಯ. ಅದಕ್ಕೇ ಅಡ್ಮಿಟ್ ಮಾಡಿಕೊಂಡು, ನಡುಕಕ್ಕೆ ಮಾತ್ರೆ ಕೊಟ್ಟು, ದಿನಾ ಸ್ವಲ್ಪ ಸ್ವಲ್ಪ ಡೋಸ್ ಇಳಿಸಿದರು. ಮೆದುಳಿಗೆ ಪೆಟ್ಟಾಗದಿರಲಿ ಅಂತ ಬಿ1 ವಿಟಮಿನ್ ಇಂಜೆಕ್ಷನ್ ಬೇರೆ. ನರ್ಸ್ ಬಂದು "ಎರಡೂ ಕೈ ಮುಂದೆ ಚಾಚಿ" ಅನ್ನೋರು, ಬೆರಳು ನೋಡೋರು, ಬರ್ಕೊಂಡು ಹೋಗೋರು. ಒಂದು ಬೆಳಗ್ಗೆ ಬೆರಳು ಸುಮ್ನಿದ್ದವು. ಅವತ್ತು ಟೀ ಲೋಟವನ್ನು ಒಂದೇ ಕೈಯಲ್ಲಿ ಹಿಡಿದು ಕುಡಿದೆ, ಒಂದು ತೊಟ್ಟೂ ಚೆಲ್ಲಲಿಲ್ಲ.

ಇನ್ನು ನನ್ನ ಹೆಂಡತಿ. "ಅವರಿಗೆ ಗೊತ್ತಾಗದಂಗೆ ಸಾಂಬಾರಿಗೆ ಹಾಕಿಬಿಡಿ" ಅಂತ ಯಾರೋ ಅವಳಿಗೆ ಮಾತ್ರೆ ತಂದುಕೊಟ್ಟಿದ್ದರಂತೆ. ಅವಳು ಹಾಕಲಿಲ್ಲ, ಸೀದಾ ಡಾಕ್ಟರಿಗೆ ತೋರಿಸಿದಳು. ಅದು ಡೈಸಲ್ಫಿರಾಮ್, ಕುಡಿತ ಬಿಡಿಸೋಕೆ ಕೊಡೋ ಮಾತ್ರೆ. ಅದು ಹೊಟ್ಟೆಯಲ್ಲಿರುವಾಗ ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಎದೆ ಡವಡವ ಹೊಡೆದುಕೊಂಡು, ಬಿಪಿ ಕುಸಿದು ಪ್ರಾಣವೇ ಹೋಗಬಹುದು. ಕುಡಿಯುವವನು ತಾನೇ ಒಪ್ಪಿ, ಡಾಕ್ಟರ್ ಹೇಳಿದಂತೆ ತಗೊಳ್ಳಬೇಕಾದ ಮಾತ್ರೆ ಅದು. ಇದನ್ನು ಸಾರಿನ ಪುಡಿ ಥರ ಹಂಚುವವರಿಗೆ ಏನನ್ನಬೇಕೋ!

ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಗುಂಪು) ಮೀಟಿಂಗಿನ ಅಣ್ಣನಿಗೂ ಥ್ಯಾಂಕ್ಸ್. ಹೆಸರು ಬರೆಯೋ ಹಾಗಿಲ್ಲ, ಅಲ್ಲಿನ ಪದ್ಧತಿ ಹಾಗೆ. ಕುಡೀಬೇಕು ಅನ್ನಿಸಿ ಫೋನ್ ಮಾಡಿದರೆ ಬುದ್ಧಿ ಹೇಳಲ್ಲ, "ಊಟ ಆಯ್ತಾ?" ಅಂತಾರೆ ಅಷ್ಟೇ. ಹೊಟ್ಟೆ ಹಸಿದಾಗಲೇ ಅದು ಜಾಸ್ತಿ ಎಳೆಯೋದು, ಅಲ್ವಾ? ಉಂಡು, ಅರ್ಧ ಗಂಟೆ ಹೇಗೋ ತಳ್ಳಿದರೆ ಆ ಆಸೆ ತಾನಾಗೇ ಇಳಿಯುತ್ತೆ.

ನಿಮ್ಮ ಮನೆಯಲ್ಲೂ ಯಾರಾದರೂ ಬಿಡೋಕೆ ಒದ್ದಾಡ್ತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಯಾವಾಗ ಬೇಕಾದರೂ ಸಿಗ್ತಾರೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.