ಗುಡ್ಡಕ್ಕೆ ಬರುವ ಮಗಳಿಗೆ

ಪ್ರೀತಿಯ ಪುಟ್ಟಿ,

ನಿನ್ನೆ ಫೋನ್ ಇಟ್ಟಿದ್ದು ನೀನೋ ನಾನೋ, ಆ ಲೆಕ್ಕ ಬೇಡ. ಸಿಗ್ನಲ್ ಹೋಯಿತು ಅಂತ ಅಪ್ಪನ ಹತ್ತಿರ ಹೇಳಿದ್ದೀನಿ. ಅವರು ನಂಬಿದ ಹಾಗೆ ಕಾಣಲಿಲ್ಲ.

ಶುಕ್ರವಾರ ರಾತ್ರಿ ಬೆಂಗಳೂರು ಬಿಟ್ಟು, ಶನಿವಾರ ಕುದುರೆಮುಖ ಹತ್ತಿ ಇಳಿದು, ಅವತ್ತು ರಾತ್ರಿಯೇ ವಾಪಸ್. ಮನೆಗೆ ಬರೋಕೆ ಟೈಮಿಲ್ಲ ಅಂದೆ. ಸಂಸೆಯಿಂದ, ಗುಡ್ಡ ಹತ್ತೋಕೆ ಶುರುಮಾಡೋ ಮುಳ್ಳೋಡಿಗೆ ಹೋಗೋ ಜೀಪುಗಳೆಲ್ಲ ನಮ್ಮ ಗೇಟು ದಾಟಿಯೇ ಹೋಗಬೇಕು. ಹುಟ್ಟಿದ ಊರಿಗೆ ಪ್ರವಾಸಿಯಾಗಿ ಬಂದು ಹೋಗ್ತೀಯಲ್ಲ ಅಂತ ಹೊಟ್ಟೆ ಉರಿದಿದ್ದು ನಿಜ, ದನಿ ಏರಿದ್ದೂ ನಿಜ. ನಿನ್ನ ಸಹೋದ್ಯೋಗಿಗಳು ಪಕ್ಕದಲ್ಲೇ ಇದ್ದರು ಅಂತ ಆಮೇಲೆ ನಿನ್ನ ಮೆಸೇಜ್ ನೋಡಿ ಗೊತ್ತಾಯಿತು. ಅವರ ಮುಂದೆ ನಿನಗೆ ಹಾಗಾಗಬಾರದಿತ್ತು.

ಆದರೆ ನನ್ನನ್ನು ಹಿಡಿದುಕೊಂಡಿದ್ದು ನೀನು ಕೊನೆಗೆ ಅಂದ ಮಾತು. "ಈ ಸಲ ನಾನೇ ಲೀಡ್ ಮಾಡ್ತಿರೋದಮ್ಮ." ಡೈರಿಗೆ ಹಾಲು ಹಾಕೋಕೆ ಹೋದಾಗ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದೆ, ನಮ್ಮ ಹುಡುಗಿ ಆಫೀಸಿಗೆ ಆಫೀಸನ್ನೇ ಗುಡ್ಡ ಹತ್ತಿಸ್ತಾಳೆ ಅಂತ. ಮನೆಗೆ ಬಂದು ಕ್ಯಾನ್ ತೊಳೆಯುವಾಗ ಆ ಹುಡುಗನ ನೆನಪಾಯಿತು. ನಿನಗೆ ಅವನ ವಿಷಯ ಗೊತ್ತಿಲ್ಲ. ಆಗ ನೀನಿನ್ನೂ ಅಂಗನವಾಡಿ.

ಕುದುರೆಮುಖದ ಕಬ್ಬಿಣದ ಗಣಿ 2005ರ ಕೊನೆಗೆ ನಿಂತಿತಲ್ಲ, ಅದಾದ ಮೇಲೆ ಅಪ್ಪ ಹಳೇ ಜೀಪು ತಗೊಂಡಿದ್ದು. ಆಗೆಲ್ಲ ಆನ್‌ಲೈನ್ ಬುಕಿಂಗು, ದಿನಕ್ಕೆ ಇಷ್ಟೇ ಜನ ಅನ್ನೋ ಲೆಕ್ಕ ಇರಲಿಲ್ಲ. ಬಂದವರು ನಮ್ಮ ಜಗಲಿಯಲ್ಲಿ ಚೀಲ ಇಟ್ಟು, ಮನೆಯವರಿಗೆ ನಮ್ಮ ಲ್ಯಾಂಡ್‌ಲೈನ್ ನಂಬರ್ ಕೊಟ್ಟು ಹೋಗೋರು. ಇದೇ ಸಮಯ, ನವರಾತ್ರಿ ಮುಗಿದು ಚಿತ್ತೆ ಮಳೆ ಹಿಡಿದಿತ್ತು. ಬೆಳಿಗ್ಗೆ ಆಕಾಶ ತೊಳೆದಿಟ್ಟ ಹಾಗೆ, ಮಧ್ಯಾಹ್ನ ಮೂರರ ಮೇಲೆ ಗುಡುಗು. ಕಾಲೇಜು ಹುಡುಗರ ಒಂದು ಗುಂಪು ಹೋಗಿತ್ತು. ಮೋಡ ಇಳಿಯಿತು ಅಂತ ಒಬ್ಬೊಬ್ಬರಾಗಿ, ಇಬ್ಬಿಬ್ಬರಾಗಿ ಓಡಿ ಇಳಿದಿದ್ದಾರೆ. ಜೀಪಿನ ಹತ್ತಿರ ಬಂದು ಎಣಿಸಿದರೆ ಒಬ್ಬ ಇಲ್ಲ. ಮುಂದೆ ಬಂದವರು ಅವನು ಹಿಂದಿನವರ ಜೊತೆ ಇದ್ದಾನೆ ಅಂದುಕೊಂಡಿದ್ದರು. ಹಿಂದಿನವರು ಅವನು ಮುಂದೆ ಹೋದ ಅಂದುಕೊಂಡಿದ್ದರು. ಅಪ್ಪ ಇನ್ನಿಬ್ಬರನ್ನು ಕರೆದುಕೊಂಡು ಟಾರ್ಚು ಹಿಡಿದು ಮತ್ತೆ ಹತ್ತಿದರು.

ಏಳೂವರೆಗೆ ಫೋನ್ ಬಂತು. ಆ ಹುಡುಗನ ಅಮ್ಮ. "ಏನಿಲ್ಲ, ಇಳಿದು ಬಂದ್ರಾ ಅಂತ ಕೇಳೋಣ ಅಂತ ಮಾಡಿದೆ" ಅಂದರು. ನನ್ನ ಬಾಯಿಂದ ಬಂದಿದ್ದು, "ಬಂದಿದ್ದಾರೆ, ಸ್ನಾನಕ್ಕೆ ಹೋಗಿದ್ದಾನೆ." ಯೋಚನೆ ಮಾಡಿ ಹೇಳಿದ್ದಲ್ಲ. "ಬಿಸಿನೀರು ಇದೆಯಾ? ಅವನಿಗೆ ಶೀತ ಬೇಗ ಆಗುತ್ತೆ" ಅಂದರು. ಹಂಡೆ ತುಂಬ ಇದೆ ಅಂದೆ. ಅದು ಮಾತ್ರ ಸುಳ್ಳಲ್ಲ, ಬಚ್ಚಲೊಲೆ ಉರೀತಾ ಇತ್ತು. ಒಂಬತ್ತಕ್ಕೆ ಮತ್ತೆ ಮಾಡಿದರು. ಊಟ ಮಾಡಿ ಮಲಗಿಬಿಟ್ಟ, ಎಬ್ಬಿಸಲಾ ಅಂತ ಬೇರೆ ಕೇಳಿದೆ! "ಬೇಡಿ ಪಾಪ, ದಣಿದಿರ್ತಾನೆ, ಮಲಗಲಿ" ಅಂದರು. ಹೊರಗೆ ಮಳೆ ಹೊಯ್ಯುತ್ತಿತ್ತು. ಆ ಸದ್ದು ಅವರಿಗೂ ಕೇಳಿತೋ ಏನೋ, "ಅಲ್ಲಿ ಜೋರು ಮಳೆಯಾ?" ಅಂದರು. ಹೆಂಚಿನ ಮನೆ, ಹಾಗೇ ಕೇಳಿಸುತ್ತೆ ಅಂದೆ.

ಅವನು ಸಿಕ್ಕಿದ್ದು ಹನ್ನೊಂದರ ಹೊತ್ತಿಗೆ. ಮೊಣಕಾಲು ಹಿಡಿದುಕೊಂಡು ಹಿಂದೆ ಉಳಿದಿದ್ದಾನೆ, ಸ್ನೇಹಿತರು ನಗುತ್ತಾರೆ ಅಂತ ಬಾಯಿ ಬಿಟ್ಟಿಲ್ಲ. ಬೆಳಿಗ್ಗೆ ಪಾದ ನೆನೆಯುವಷ್ಟು ನೀರಿದ್ದ ಹಳ್ಳ ಸಂಜೆಗೆ ಸೊಂಟದವರೆಗೆ ಬಂದಿತ್ತು. ಅವನು ಆಚೆ ದಡದಲ್ಲಿ ಬಂಡೆ ಮೇಲೆ ಮುದುರಿ ಕೂತಿದ್ದನಂತೆ. ನೀರಿಗಿಳಿಯದೆ ಇದ್ದಿದ್ದೇ ಪುಣ್ಯ. ಸಾಕ್ಸ್ ಬಿಚ್ಚಿದರೆ ರಕ್ತ ಕುಡಿದ ಇಂಬಳ ದ್ರಾಕ್ಷಿ ಥರ ಉಬ್ಬಿ ಉದುರಿದವು. ಬಚ್ಚಲಿಗೆ ಕಳಿಸಿ, ಅವನು ನೀರು ಹುಯ್ದುಕೊಳ್ಳೋ ಸದ್ದು ಕೇಳ್ತಾ ಬಾಗಿಲ ಹೊರಗೇ ನಿಂತಿದ್ದೆ.

ಮೂರನೇ ಸಲ ಫೋನ್ ಬಂದಿದ್ದರೆ ಏನು ಹೇಳುತ್ತಿದ್ದೆ? ಅವನು ಸಿಗದೇ ಹೋಗಿದ್ದರೆ, ಬೆಳಿಗ್ಗೆ ಬಸ್ಸಿಳಿದು ಬಂದ ಆ ತಾಯಿಗೆ, ಸ್ನಾನಕ್ಕೆ ಹೋಗಿದ್ದಾನೆ ಅಂದವಳು ನಾನೇ ಅಂತ ಯಾವ ಮುಖದಲ್ಲಿ ಹೇಳುತ್ತಿದ್ದೆ? ನಿಜ ಹೇಳಿದ್ದರೂ ಅವರು ಅಷ್ಟು ದೂರದಿಂದ ಏನು ಮಾಡೋಕಾಗುತ್ತಿತ್ತು ಅಂತಾರೆ ಅಪ್ಪ. ಇರಬಹುದು. ಪಾತ್ರೆ ತೊಳೆಯುವಾಗ ಈಗಲೂ ಒಮ್ಮೊಮ್ಮೆ "ಬಿಸಿನೀರು ಇದೆಯಾ" ಅನ್ನೋ ಆ ದನಿ ಕಿವಿಗೆ ಬೀಳುತ್ತೆ. ಲೀಡ್ ಮಾಡ್ತೀನಿ ಅಂತ ನೀನು ಅಂದಾಗ ನನಗೆ ಬೆಟ್ಟ ಕಾಣಲಿಲ್ಲ ಪುಟ್ಟಿ. ನಿನ್ನ ಜೊತೆ ಬರುವ ಅಷ್ಟೂ ಮಕ್ಕಳ ಅಮ್ಮಂದಿರು ಕಂಡರು.

ಬುದ್ಧಿ ಹೇಳಬಾರದು ಅಂತಲೇ ಕೂತಿದ್ದೆ. ಹೇಳದೆ ಇದ್ದರೆ ನಿದ್ದೆ ಬರಲ್ಲ.

ಲೀಡ್ ಅಂದರೆ ಎಲ್ಲರಿಗಿಂತ ಮುಂದೆ ನಡೆಯೋದಲ್ಲ. ಮುಂದೆ ಗೈಡ್ ಇರ್ತಾನೆ, ದಾರಿ ಅವನಿಗೆ ಬಿಡು. ನೀನು ಎಲ್ಲರಿಗಿಂತ ನಿಧಾನ ಇರುವವರ ಹಿಂದೆ ನಡಿ. ದಾರಿಯಲ್ಲಿ ಸಿಗೋ ಆ ಒಂಟಿಮರದ ಹತ್ತಿರ ಎಣಿಸು, ಪ್ರತಿ ಹಳ್ಳ ದಾಟಿದ ಮೇಲೆ ಎಣಿಸು, ತುದಿಯಲ್ಲಿ ಫೋಟೋ ತೆಗೆಯೋಕೆ ಮುಂಚೆ ಎಣಿಸು. ಕಾಲು ನೋವು ಅಂತ ಯಾರೂ ತಾವಾಗಿ ಹೇಳಲ್ಲ, ಅದರಲ್ಲೂ ಆಫೀಸಿನವರ ಮುಂದೆ. ನೀನೇ ಕೇಳಬೇಕು. ಹೋಗಿ ಬರೋದು ಸೇರಿದರೆ ಇಪ್ಪತ್ತು ಕಿಲೋಮೀಟರ್ ಹತ್ತಿರ ಆಗುತ್ತೆ. ಮುಳ್ಳಯ್ಯನಗಿರಿ ಇದಕ್ಕಿಂತ ಎತ್ತರ ಇರಬಹುದು, ಆದರೆ ಅಲ್ಲಿ ಹೆಚ್ಚುಕಡಿಮೆ ತುದಿಯವರೆಗೂ ಕಾರು ಹೋಗುತ್ತೆ. ಇಲ್ಲಿ 1,892 ಮೀಟರಿಗೆ ಕಾಲೇ ಗತಿ.

ತುದಿ ಮುಟ್ಟಲಿ ಬಿಡಲಿ, ಒಂದು ಗಂಟೆಗೆ ತಿರುಗಿಬಿಡಿ. ಇನ್ನೊಂದು ಅರ್ಧ ಗಂಟೆ ಅಂತ ಯಾರಾದರೂ ಹಲ್ಲು ಗಿಂಜುತ್ತಾರೆ, ಅವರು ನಿನ್ನ ಮ್ಯಾನೇಜರ್ರೇ ಆಗಿದ್ದರೂ ಬಗ್ಗಬೇಡ. ಈ ತಿಂಗಳು ಆರು ದಾಟಿದರೆ ಕತ್ತಲು, ಕಣಿವೆಯ ದಟ್ಟ ಶೋಲಾ ಕಾಡಿನೊಳಗೆ ಇನ್ನೂ ಬೇಗ. ಗುಡುಗು ಕೇಳಿದರೆ ಏಣಿನ ಮೇಲೆ ನಿಲ್ಲಬೇಡಿ, ತಗ್ಗಿಗೆ ಇಳಿಯಿರಿ. ಮಳೆ ಬಂತು ಅಂತ ಒಂಟಿಮರದ ಕೆಳಗಂತೂ ನಿಲ್ಲಲೇಬೇಡಿ. ಹಗಲಲ್ಲೇ ಬಂದುಬಿಡ್ತೀವಿ ಅಂತ ಟಾರ್ಚ್ ಬಿಟ್ಟು ಬರಬೇಡಿ. ಹಳ್ಳ ಕೆಂಪಾಗಿ ಹರೀತಿದ್ದರೆ ಮೇಲೆಲ್ಲೋ ಮಳೆ ಆಗಿದೆ ಅಂತ ಅರ್ಥ, ನೀರು ಇಳಿಯೋವರೆಗೂ ಕಾಯಬೇಕು, ಗಂಟೆ ಎಷ್ಟಾದರೂ. ಇಂಬಳಕ್ಕೆ ಉಪ್ಪು, ಹೊಗೆಸೊಪ್ಪು ತಂದುಕೊಳ್ಳಿ. ಅದು ಕಚ್ಚಿತು ಅಂತ ಕಿರುಚೋ ಸಿಟಿ ಹುಡುಗರನ್ನು ನೋಡಿ ನಗಬೇಡ, ನೀನು ಹೇಗೆ ಕಿರುಚುತ್ತಿದ್ದೆ ಅಂತ ನಂಗೊತ್ತು.

ಭಾಷಣ ಆಯಿತು. ಆಗಲಿ.

ನೀನು ಬೇಡ ಅಂದರೂ ಕಡುಬು ಮಾಡ್ತೀನಿ. ಮೊಟ್ಟೆ ತಿನ್ನದವರು ಎಷ್ಟು ಜನ ಅಂತ ಮೆಸೇಜ್ ಹಾಕು. ಇಳಿದು ಬರುವಾಗ ಗೇಟಿನ ಹತ್ತಿರ ಐದು ನಿಮಿಷ ಜೀಪು ನಿಲ್ಲಿಸಿದರೆ ಡಬ್ಬಿ ಕೊಟ್ಟುಬಿಡ್ತೀನಿ, ಒಳಗೆ ಬಾ ಅನ್ನಲ್ಲ. ಅಪ್ಪ ಏನಂತಾರೋ ಗೊತ್ತಿಲ್ಲ, ಅವರಿಗೆ ನನ್ನ ಹಾಗೆ ಸಿಟ್ಟು ಬೇಗ ಇಳಿಯಲ್ಲ. ನಿನ್ನೆಯಿಂದ ನಿನ್ನ ಹೆಸರು ಎತ್ತಿಲ್ಲ. ಆದರೆ ಅಟ್ಟದಿಂದ ಆ ದೊಡ್ಡ ಟಾರ್ಚು ಇಳಿಸಿ ಚಾರ್ಜಿಗೆ ಹಾಕಿದ್ದಾರೆ.

ಈಗ ಇದನ್ನು ಬರೀತಾ ಇರೋದು ನೋಡಿ, ಪೇಪರಿನಿಂದ ತಲೆ ಎತ್ತದೆ ಒಂದು ಮಾತು ಅಂದರು. ಹಾಗೇ ಬರೀತೀನಿ: "ಶುಕ್ರವಾರವೇ ಕಾಲುಗುರು ಕತ್ತರಿಸಿಕೊಳ್ಳೋಕೆ ಹೇಳು, ಅವಳಿಗೂ ಅವಳ ಜೊತೆಯವರಿಗೂ. ಇಳಿಯುವಾಗ ಶೂ ಒಳಗೆ ಬೆರಳು ಒತ್ತಿ ಉಗುರು ಕಪ್ಪಾಗುತ್ತೆ."

ಅಮ್ಮ